ರೋಸ್ವಿಟಾ ತಲೆಯಾಡಿಸಿದ್ದು

ರೋಸ್ವಿಟಾ ಲೆನ್ನೆ ಕಣಿವೆಯ ಸ್ಪ್ರಿಂಗ್ ಕಾರ್ಖಾನೆಗೆ ಸೇರಿದಾಗ ಅವಳ ಮಗ ಬಾಸ್ಟಿಯಾನ್ ಇನ್ನೂ ಶಾಲೆಯ ಮುಖ ಕಂಡಿರಲಿಲ್ಲ. ಅವಳು ನಿವೃತ್ತಳಾಗುವ ಹೊತ್ತಿಗೆ ಅವನಿಗೆ ಮದುವೆಯಾಗಿ ಒಂದು ಹೆಣ್ಣುಮಗುವೂ ಆಗಿತ್ತು. ಅಷ್ಟು ವರ್ಷವೂ ಅವಳದು ಒಂದೇ ಕೆಲಸ. ಲಾರಿಗಳ ಚಕ್ರದ ಮೇಲೆ ಭಾರ ಹೊರುವ ಉಕ್ಕಿನ ಸ್ಪ್ರಿಂಗ್ ಪಟ್ಟಿಗಳನ್ನು ಎತ್ತಿ ಕೊಕ್ಕೆಗೆ ತೂಗುಹಾಕುವುದು. ಕೊಕ್ಕೆಗಳ ಸಾಲು ಅವನ್ನು ಒಂದು ದೊಡ್ಡ ಉಕ್ಕಿನ ಗೂಡಿನೊಳಗೆ ಒಯ್ಯುತ್ತಿತ್ತು. ಗೂಡಿನೊಳಗೆ ಸಾಸಿವೆಗಿಂತ ಸಣ್ಣ ಉಕ್ಕಿನ ಗುಂಡುಗಳು ಆಲಿಕಲ್ಲಿನ ಹಾಗೆ ಬಂದು ಪಟ್ಟಿಯ ಮೈಗೆ ಬಡಿಯುತ್ತಿದ್ದವು. ಒಳಗೆ ಹೋಗುವಾಗ ನುಣ್ಣಗಿದ್ದ ಪಟ್ಟಿ ಹೊರಗೆ ಬರುವಾಗ ಕಿತ್ತಳೆ ಸಿಪ್ಪೆಯಂತೆ ತಗ್ಗುತಗ್ಗಾಗಿ, ಬೂದಿ ಬಣ್ಣಕ್ಕೆ ತಿರುಗಿರುತ್ತಿತ್ತು. ನೋಡುವುದಕ್ಕೆ ಏನೂ ಚಂದವಿಲ್ಲ. ಆದರೆ ಹಾಗೆ ಏಟು ತಿಂದ ಪಟ್ಟಿ, ಏಟು ತಿನ್ನದ ಪಟ್ಟಿಗಿಂತ ಎಷ್ಟೋ ಹೆಚ್ಚು ಕಾಲ ಬಾಳುತ್ತದೆ.

ಇದನ್ನು ಅವರಿಗೆಲ್ಲ ಕಲಿಸಿದವನು ಆ ವಿಭಾಗದ ಮೇಸ್ತ್ರಿ ಕೆಂಪರ್. ಪ್ರತಿ ವರ್ಷ ಹೊಸ ವರ್ಷದ ರಜೆ ಮುಗಿದ ಮೇಲೆ ಎಲ್ಲರನ್ನೂ ಕ್ಯಾಂಟೀನಿನಲ್ಲಿ ಕೂರಿಸಿ ಅದೇ ಪಾಠವನ್ನು ಅದೇ ಮಾತುಗಳಲ್ಲಿ ಒಪ್ಪಿಸುತ್ತಿದ್ದ. ಏಟು ತಿಂದ ಮೈಯನ್ನು ಗೀರಬಾರದು, ಉಜ್ಜಬಾರದು, ಗ್ರೈಂಡರನ್ನಂತೂ ಅದರ ಹತ್ತಿರಕ್ಕೂ ತರಬಾರದು. ಒಮ್ಮೆ ಯಾರೋ ಅಂಚಿನ ಮುಳ್ಳು ತೆಗೆಯಲು ಅರ ಹಾಕಿದ್ದಕ್ಕೆ ಆ ಪಟ್ಟಿಯನ್ನು ಎಲ್ಲರೆದುರಿಗೆ ಗುಜರಿ ತೊಟ್ಟಿಗೆ ಎಸೆದಿದ್ದ. ಹಿಂದಿನ ಸಾಲಿನ ಹೆಂಗಸರು ಅವನ ಪಾಠದ ಹೊತ್ತಿನಲ್ಲಿ ಮಧ್ಯಾಹ್ನದ ಊಟದ ಮಾತಾಡಿಕೊಳ್ಳುತ್ತಿದ್ದರು. ರೋಸ್ವಿಟಾ ಕೂರುತ್ತಿದ್ದದ್ದು ಅವರ ನಡುವೆಯೇ. ಆದರೆ ಅವಳಿಗೆ ಪಾಠ ಕಿವಿಗೆ ಬೀಳುತ್ತಿತ್ತು, ಮನಸ್ಸಿನಲ್ಲಿ ಉಳಿಯುತ್ತಲೂ ಇತ್ತು. ಅದನ್ನು ಯಾರೂ ಅವಳಿಂದ ಕೇಳಲಿಲ್ಲ. ಏನು ಕೆಲಸ ಮಾಡುತ್ತೀ ಎಂದು ಊರಿನವರು ವಿಚಾರಿಸಿದರೆ ತೂಗುಹಾಕುತ್ತೀನಿ ಎನ್ನುತ್ತಿದ್ದಳು. ಮಾತು ಅಲ್ಲಿಗೇ ಮುಗಿಯುತ್ತಿತ್ತು. ಗಂಡ ಬಹಳ ಹಿಂದೆಯೇ ಬೇರೆ ಊರಿನಲ್ಲಿ ಬೇರೆ ಸಂಸಾರ ಹೂಡಿದ್ದ. ಮನೆಯಲ್ಲಿ ಅವಳೂ ಮಗನೂ ಇಬ್ಬರೇ.

ನಮ್ಮೂರಿನ ಅಗ್ನಿಶಾಮಕ ದಳದಲ್ಲಿ ಸಂಬಳದವರು ಯಾರೂ ಇಲ್ಲ. ಮರ ಕೊಯ್ಯುವವರು, ಬೇಕರಿಯವರು, ಕಾರ್ಖಾನೆಯವರು, ಎಲ್ಲರೂ ಸೈರನ್ ಕೂಗಿದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಓಡುತ್ತಾರೆ. ಬಾಸ್ಟಿಯಾನ್ ಹದಿಹರೆಯದಲ್ಲೇ ದಳ ಸೇರಿದ್ದ. ದಳದ ಹತ್ತಿರ ಬೆಂಕಿಗೆ ಹೋಗುವ ಹೊಸ ಗಾಡಿಯ ಜೊತೆಗೆ ಒಂದು ಹಳೇ ಗಾಡಿಯೂ ಇದೆ. ಅದಕ್ಕೆ ಎಮ್ಮಾ ಎಂದು ಹೆಸರು. ಹಬ್ಬಗಳಿಗೆ, ಮದುವೆಗಳಿಗೆ, ಮಕ್ಕಳನ್ನು ಸುತ್ತಾಡಿಸುವುದಕ್ಕೆ ಎಮ್ಮಾ. ಅದರ ಹಳೇ ಸ್ಪ್ರಿಂಗುಗಳು ಕುಸಿದಾಗ ಕಾರ್ಖಾನೆಯವರೇ ಹೊಸ ಪಟ್ಟಿಗಳನ್ನು ಮಾಡಿ ಕೊಟ್ಟಿದ್ದರು. ಅವನ್ನೂ ಕೊಕ್ಕೆಗೆ ತೂಗುಹಾಕಿದವಳು ರೋಸ್ವಿಟಾನೇ.

ಅವಳು ನಿವೃತ್ತಳಾದ ವರ್ಷದ ಚಳಿಗಾಲದಲ್ಲಿ ದಳದವರು ಎಮ್ಮಾಳನ್ನು ಪೂರ್ತಿ ಬಿಚ್ಚಿ, ಬಣ್ಣ ಬಳಿದು, ಮುಂದಿನ ವಸಂತದಲ್ಲಿ ಬರುವ ದಳದ ವಾರ್ಷಿಕೋತ್ಸವಕ್ಕೆ ಸಿಂಗರಿಸಲು ಹೊರಟರು. ಒಂದು ಶನಿವಾರ ರೋಸ್ವಿಟಾ ಅವರಿಗೆಂದು ಆಲೂಗಡ್ಡೆ ಸೂಪು, ಸಾಸೇಜು ಹೊತ್ತುಕೊಂಡು ದಳದ ಠಾಣೆಗೆ ಹೋದಳು. ಬಾಗಿಲು ತೆಗೆದರೆ ಒಳಗೆ ಕಿಡಿಗಳ ಕಾರಂಜಿ. ಬಾಸ್ಟಿಯಾನ್ ಗಾಡಿಯ ಮುಂಭಾಗದ ಸ್ಪ್ರಿಂಗಿನ ಪಟ್ಟಿಯನ್ನು ವೈಸಿಗೆ ಕಚ್ಚಿಸಿ ಗ್ರೈಂಡರ್ ಹಿಡಿದು ಉಜ್ಜುತ್ತಿದ್ದ.

"ಅಮ್ಮ, ನೋಡು. ತುಕ್ಕು ತಿಂದು ಮೈಯೆಲ್ಲಾ ತಗ್ಗು ಬಿದ್ದಿತ್ತು. ಎಲ್ಲಾ ತೆಗ್ದು ಕನ್ನಡಿ ಮಾಡಿದೀನಿ," ಎಂದ.

ಅದು ತುಕ್ಕು ತಿಂದ ತಗ್ಗಲ್ಲ. ರೋಸ್ವಿಟಾಗೆ ನೋಡಿದೊಡನೆಯೇ ಗೊತ್ತಾಯಿತು. ಪಟ್ಟಿಯ ಮೇಲ್ಮೈ ಅರ್ಧಕ್ಕಿಂತ ಹೆಚ್ಚು ಹೊಳೆಯುತ್ತಿತ್ತು, ಗ್ರೈಂಡರಿನ ಗೀರುಗಳು ಅಡ್ಡಡ್ಡಲಾಗಿ ಸಾಲುಗಟ್ಟಿದ್ದವು. ದಳದ ಮುಖ್ಯಸ್ಥ ನಾರ್ಬರ್ಟ್ ಕೈ ಒರೆಸಿಕೊಳ್ಳುತ್ತ ಬಂದ. ಸ್ಪ್ರಿಂಗಿನ ವಿಷಯ ಬಲ್ಲವಳು ಊರಿಗೆಲ್ಲ ನೀನೊಬ್ಬಳೇ, ನೀನೇ ಹೇಳಬೇಕು, ಸರಿಯಾಗಿದೆಯೇ ಎಂದು ಕೇಳಿದ. ಅಲ್ಲಿದ್ದವರೆಲ್ಲ ಕೆಲಸ ನಿಲ್ಲಿಸಿ ಅವಳತ್ತ ತಿರುಗಿದರು. ಬಾಸ್ಟಿಯಾನ್ ಕನ್ನಡಕವನ್ನು ಹಣೆಗೆ ಏರಿಸಿಕೊಂಡು, ಮುಖವೆಲ್ಲ ಮಸಿಯಾಗಿ, ನಗುತ್ತ ನಿಂತಿದ್ದ.

ಹಾಗೆ ನಾಲ್ಕು ಜನ ಅವಳ ಮಾತಿಗಾಗಿ ಕಾದು ನಿಂತದ್ದು ಅವಳ ಜೀವಮಾನದಲ್ಲೇ ಮೊದಲು. ಆ ಹೊತ್ತಿನಲ್ಲಿ ಮಗನಿಗೆ, ನೀನು ಮಾಡಿದ್ದು ಹಾಳು, ಇವೆಲ್ಲ ಗುಜರಿಗೆ ಹೋಗಬೇಕು ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಹಳೇ ಗಾಡಿ, ವರ್ಷಕ್ಕೆ ಎಷ್ಟು ಸಲ ಓಡೀತು, ಮೆಲ್ಲಗೆ ಓಡುವ ಗಾಡಿಗೆ ಏನಾದೀತು ಎಂದು ಅಲ್ಲೇ ಸಮಾಧಾನ ಮಾಡಿಕೊಂಡಳು. ತಲೆಯಾಡಿಸಿದಳು. ಚೆನ್ನಾಗಿ ಬಂದಿದೆ ಎಂದಳು. ಅಷ್ಟಕ್ಕೆ ನಿಲ್ಲಿಸಿದ್ದರೂ ಆಗುತ್ತಿತ್ತು. ಬಲ್ಲವಳು ಎನ್ನಿಸಿಕೊಂಡ ಹುರುಪಿನಲ್ಲಿ ಬೆರಳು ಚಾಚಿ, "ಮಧ್ಯದಲ್ಲಿ ಇನ್ನೂ ಸ್ವಲ್ಪ ಉಳಿದಿದೆ ನೋಡೋ, ಅಲ್ಲೂ ಒಂದು ಕೈ ಆಡ್ಸು," ಎಂದುಬಿಟ್ಟಳು. ಬಾಸ್ಟಿಯಾನ್ ಕನ್ನಡಕ ಇಳಿಸಿ ಅಲ್ಲೂ ಉಜ್ಜಿದ.

ವಾರ್ಷಿಕೋತ್ಸವದ ದಿನ ನಾರ್ಬರ್ಟ್ ವೇದಿಕೆಯ ಮೇಲೆ ಅವಳ ಹೆಸರು ಹಿಡಿದು ವಂದನೆ ಹೇಳಿ ಹೂಗುಚ್ಛ ಕೊಟ್ಟ. ಎಲ್ಲರೂ ಚಪ್ಪಾಳೆ ತಟ್ಟಿದೆವು. ಅವಳ ಮುಖ ಕೆಂಪೇರಿದ್ದು ನಾಚಿಕೆಯಿಂದ ಎಂದುಕೊಂಡೆವು. ಅದು ನಿಜವೇ ಆಗಿತ್ತು, ಆದರೆ ನಾವು ತಿಳಿದುಕೊಂಡ ನಾಚಿಕೆ ಅದಲ್ಲ.

ಎರಡು ಬೇಸಿಗೆ ಎಮ್ಮಾ ಚೆನ್ನಾಗಿಯೇ ಓಡಿತು. ಎರಡನೆಯ ಬೇಸಿಗೆಯ ಕೊನೆಯಲ್ಲಿ, ಊರಿನ ಬಂದೂಕು ಸಂಘದವರು ಗುರಿ ಹೊಡೆಯುವ ಹಬ್ಬದ ಭಾನುವಾರ, ಚರ್ಚಿನ ಹಾಡುಗಾರರ ಮೇಳದ ಹಿರಿಯ ಹೆಂಗಸರನ್ನು ಹಬ್ಬದ ಡೇರೆಗೆ ಕರೆದೊಯ್ಯುತ್ತಿತ್ತು. ಓಡಿಸುತ್ತಿದ್ದವನು ಎವಾಲ್ಡ್. ಹೆಂಡತಿ ತೀರಿಕೊಂಡ ಮೇಲೆ ಅವನಿಗೆ ಉಳಿದಿದ್ದ ಸಂಭ್ರಮವೆಂದರೆ ಎಮ್ಮಾಳ ಚಕ್ರ ಹಿಡಿಯುವುದೊಂದೇ. ಮರದ ಮಿಲ್ಲಿನ ಪಕ್ಕದ ಇಳಿಜಾರಿನ ತಿರುವಿನಲ್ಲಿ ಬಂದೂಕು ಸಿಡಿದಂತೆ ಒಂದು ಸದ್ದಾಯಿತು. ಗಾಡಿ ಒಂದು ಕಡೆಗೆ ವಾಲಿ, ಎವಾಲ್ಡ್ ಎಷ್ಟು ತಿರುಗಿಸಿದರೂ ಕೇಳದೆ, ಹೋಗಿ ಕಲ್ಲುಗೋಡೆಗೆ ಉಜ್ಜಿಕೊಂಡು ನಿಂತಿತು. ಹಿಂದಿನ ಬೆಂಚಿನ ತುದಿಯಲ್ಲಿ ಕೂತಿದ್ದ ಮಾರ್ಲೀಸ್ ರಸ್ತೆಗೆ ಬಿದ್ದಳು. ಬಹಳ ವರ್ಷ ನಮ್ಮೂರಿಗೆ ಅಂಚೆ ಹಂಚಿದವಳು ಅವಳು. ಭುಜದ ಮೂಳೆ, ಬಲಗೈ ಮೂಳೆ, ಎರಡೂ ಮುರಿದವು. ಉಳಿದವರಿಗೆ ತರಚು ಗಾಯ.

ಎವಾಲ್ಡ್ ಜೋರಾಗಿ ಬಂದ ಎಂದು ಮೊದಲು ಒಬ್ಬರು ಹೇಳಿದರು, ಆಮೇಲೆ ಎಲ್ಲರೂ ಹೇಳಿದರು. ಮಧ್ಯಾಹ್ನ ಅವನು ಕುಡಿದಿದ್ದ ಒಂದು ಲೋಟ ಬಿಯರು ಸಂಜೆಯ ಹೊತ್ತಿಗೆ ಜನರ ಬಾಯಲ್ಲಿ ಹಲವು ಲೋಟವಾಯಿತು. ಪೊಲೀಸರು ಅವನ ಉಸಿರು ಪರೀಕ್ಷಿಸಿ ಏನೂ ಇಲ್ಲವೆಂದು ಬಿಟ್ಟರೂ ಮಾತು ನಿಲ್ಲಲಿಲ್ಲ. ಕೊನೆಗೆ ಎವಾಲ್ಡನೇ ಒಪ್ಪಿಕೊಂಡ. ಹೌದು, ಹೆಂಗಸರು ಹಾಡು ಹೇಳುತ್ತಿದ್ದರು, ನನಗೂ ಖುಷಿಯಾಗಿತ್ತು, ಸ್ವಲ್ಪ ಜೋರಾಗಿಯೇ ಬಂದೆ ಎಂದ.

ಮರುದಿನ ರೋಸ್ವಿಟಾ ಹಬ್ಬದ ಮೇಜುಬಟ್ಟೆಗಳನ್ನು ಹಿಂತಿರುಗಿಸಲು ಠಾಣೆಗೆ ಹೋದಳು. ಮುರಿದ ಪಟ್ಟಿಯ ತುಂಡುಗಳು ನೆಲದ ಮೇಲೆ ಬಿದ್ದಿದ್ದವು. ಎವಾಲ್ಡ್ ಗಾಡಿಯನ್ನು ಗೋಡೆಗೆ ಗುದ್ದಿಸಿದ, ಆ ಏಟಿಗೆ ಪಟ್ಟಿ ಮುರಿಯಿತು ಎಂದು ಬಾಸ್ಟಿಯಾನ್ ಸಿಟ್ಟಿನಿಂದ ಹೇಳಿದ. ಅವಳು ಬಗ್ಗಿ ಒಂದು ತುಂಡನ್ನು ಎತ್ತಿದಳು. ಮುರಿದ ಮುಖದ ಬಹುಪಾಲು ಸಕ್ಕರೆಯಂತೆ ಹೊಳೆಯುತ್ತಿತ್ತು. ಮೇಲಂಚಿನ ಹತ್ತಿರ ಮಾತ್ರ ಒಂದು ಕಪ್ಪು ಅರ್ಧಚಂದ್ರ, ನುಣ್ಣಗೆ, ದಡಕ್ಕೆ ಬಂದ ಅಲೆಗಳ ಗುರುತಿನಂತೆ ಗೆರೆಗೆರೆಯಾಗಿ. ಕಾರ್ಖಾನೆಯಲ್ಲಿ ಕೆಂಪರ್ ಇಂಥ ತುಂಡುಗಳನ್ನು ಗಾಜಿನ ಬೀರುವಿನಲ್ಲಿ ಇಟ್ಟಿದ್ದ. ಅರ್ಧಚಂದ್ರವಿದ್ದರೆ ಅದು ಒಂದೇಟಿಗೆ ಮುರಿದದ್ದಲ್ಲ. ತಿಂಗಳುಗಟ್ಟಲೆ ಒಳಗೊಳಗೇ ಬಿರುಕು ಬೆಳೆದು, ತಾಳಲಾರದೆ ಒಂದು ದಿನ ಮುರಿದದ್ದು. ಅರ್ಧಚಂದ್ರದ ನಡುವಿಗೆ ಸರಿಯಾಗಿ ಮೇಲ್ಮೈಯಲ್ಲಿ ಗ್ರೈಂಡರಿನ ಒಂದು ಗೀರಿತ್ತು. ಅದು ಪಟ್ಟಿಯ ಮಧ್ಯದ ಭಾಗ. ಅವಳು ಬೆರಳು ಚಾಚಿ ತೋರಿಸಿದ್ದ ಜಾಗ.

ತುಂಡನ್ನು ಮೆಲ್ಲಗೆ ಕೆಳಗಿಟ್ಟಳು. ಅದನ್ನು ಓದಬಲ್ಲವರು ಅಲ್ಲಿ ಬೇರೆ ಯಾರೂ ಇಲ್ಲ ಎಂಬ ಯೋಚನೆ ಬಂದು ಅವಳ ಎದೆ ಹಗುರಾಯಿತಂತೆ. ಆಮೇಲೆ ಇದನ್ನೆಲ್ಲ ನನಗೆ ಹೇಳುವಾಗ ಅವಳಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಈ ಮಾತು. ತಲೆಯಾಡಿಸಿದ್ದಕ್ಕಿಂತ ಹೆಚ್ಚಾಗಿ, ಹಾಗೆ ಹಗುರಾದದ್ದಕ್ಕೆ ಅವಳು ನಾಚಿದಳು.

ಎವಾಲ್ಡ್ ಜನರ ನಡುವೆ ಬರುವುದನ್ನೇ ಬಿಟ್ಟ. ಹಬ್ಬವಿರಲಿ, ನಮ್ಮೂರ ಬೇಕರಿಗೂ ಬರುತ್ತಿರಲಿಲ್ಲ. ಮಾರ್ಲೀಸ್ ಎದುರಾದಾಳೆಂದು ಬಸ್ಸು ಹತ್ತಿ ಪಕ್ಕದ ಊರಿಗೆ ಹೋಗಿ ಬ್ರೆಡ್ಡು ತರುತ್ತಿದ್ದ. ಅವನು ಬಸ್ ನಿಲ್ದಾಣದಲ್ಲಿ ಚೀಲ ಹಿಡಿದು ನಿಂತದ್ದನ್ನು ಕಂಡಾಗಲೆಲ್ಲ ರೋಸ್ವಿಟಾ ರಸ್ತೆ ದಾಟಿ ಆ ಬದಿಗೆ ಹೋಗುತ್ತಿದ್ದಳು. ಅವನು ಅದನ್ನು ತನ್ನ ಮೇಲಿನ ಅಸಹ್ಯವೆಂದು ತಿಳಿದ. ಅವನು ಹಾಗೆ ತಿಳಿದಿದ್ದಾನೆಂಬುದು ಅವಳಿಗೂ ಗೊತ್ತಿತ್ತು.

ಎಲೆ ಹಣ್ಣಾಗುವ ಹೊತ್ತಿಗೆ ಒಂದು ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ಠಾಣೆಯಲ್ಲಿ ಸಭೆ ಸೇರಿತು. ಕಾಫಿ ಬಗ್ಗಿಸುತ್ತಿದ್ದವಳು ನಾನು. ಮಾರ್ಲೀಸ್ ಕೈಯನ್ನು ಕತ್ತಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿ ತೂಗುಬಿಟ್ಟುಕೊಂಡು ಮುಂದೆಯೇ ಕೂತಿದ್ದಳು. ಎವಾಲ್ಡ್ ಬಂದ. ಯಾರನ್ನೂ ನೋಡದೆ ನೇರ ನಡೆದು ಎಮ್ಮಾಳ ಕೀಲಿಕೈಯನ್ನು ಮೇಜಿನ ಮೇಲಿಟ್ಟ. ನಾರ್ಬರ್ಟ್ ಅದನ್ನು ಎತ್ತಿ ಜೇಬಿಗೆ ಹಾಕಿಕೊಂಡ. ಬೇಡ ಎಂದು ಒಬ್ಬರೂ ಹೇಳಲಿಲ್ಲ. ಎವಾಲ್ಡ್ ಬಾಗಿಲ ಕಡೆ ತಿರುಗಿದ. ಆಗ ರೋಸ್ವಿಟಾ ಎದ್ದು ನಿಂತಳು.

"ಅವನನ್ನ ಕಳಿಸ್ಬೇಡಿ. ಪಟ್ಟಿ ಮುರಿದಿದ್ದು ನನ್ನಿಂದ," ಎಂದಳು.

ಉಜ್ಜಿದ್ದೇ ತಪ್ಪು, ಅದು ನನಗೆ ಗೊತ್ತಿತ್ತು, ಗೊತ್ತಿದ್ದೂ ಸುಮ್ಮನಿದ್ದೆ ಎಂದು ತಡವರಿಸುತ್ತ ಹೇಳಿದಳು. ಆಮೇಲೆ ನಾರ್ಬರ್ಟ್ ನಕ್ಕ. ಕೆಟ್ಟ ನಗೆಯಲ್ಲ, ಮಗುವನ್ನು ಸಮಾಧಾನ ಮಾಡುವವನ ನಗೆ.

"ರೋಸ್ವಿಟಾ, ನೀನು ಅಲ್ಲಿ ಕೊಕ್ಕೆಗೆ ಹಾಕ್ತಿದ್ದೋಳು. ನಿಂಗೆ ಹೇಗಮ್ಮ ಗೊತ್ತಿರುತ್ತೆ? ನಾವೇ ಏನೋ ತಮಾಷೆಗೆ ಕೇಳಿದ್ವಿ. ಸುಮ್ನೆ ಮೈಮೇಲೆ ಹಾಕ್ಕೋಬೇಡ, ಕೂತ್ಕೋ."

ಬೇರೆಯವರೂ ನಕ್ಕರು. ನಾನೂ ನಕ್ಕೆ. ಎವಾಲ್ಡನ ಮೇಲಿನ ಕನಿಕರಕ್ಕೆ ಹೀಗೆ ಹೇಳುತ್ತಿದ್ದಾಳೆ, ಒಳ್ಳೆಯ ಹೆಂಗಸು ಎಂದು ಪಿಸುಗುಟ್ಟಿಕೊಂಡೆವು. ಅಲ್ಲಿಗೆ ಅವಳು ಕೂತುಬಿಡಬಹುದಿತ್ತು. ತಪ್ಪನ್ನು ಹೇಳಿಕೊಂಡ ಹಾಗೂ ಆಗುತ್ತಿತ್ತು, ಏನೂ ಆಗದ ಹಾಗೂ ಆಗುತ್ತಿತ್ತು. ಅವಳು ಕೂರಲಿಲ್ಲ. ಕೆಲಸದ ಮೇಜಿನ ಹತ್ತಿರ ಹೋಗಿ, ಮರದ ಪೆಟ್ಟಿಗೆಗಳಿಗೆ ಬಿಗಿಯುವ ತೆಳ್ಳನೆಯ ಉಕ್ಕಿನ ಪಟ್ಟಿಯಲ್ಲಿ ಒಂದು ಗೇಣು ಕತ್ತರಿಸಿದಳು. ಅದನ್ನು ಚಪ್ಪಟೆಯಾದ ಕಬ್ಬಿಣದ ಮೇಲಿಟ್ಟು ಎರಡೂ ತುದಿಗೆ ಕ್ಲಾಂಪು ಬಿಗಿದಳು. ಗುಂಡುಮೂತಿಯ ಸುತ್ತಿಗೆ ತೆಗೆದುಕೊಂಡು ಮೇಲಿನಿಂದ ಒತ್ತೊತ್ತಾಗಿ ಬಡಿಯತೊಡಗಿದಳು. ನಗು ನಿಂತಿತು. ಕಾಫಿ ಆರುತ್ತಿತ್ತು. ಅವಳು ಬಡಿಯುತ್ತಲೇ ಇದ್ದಳು. ಕೊನೆಗೆ ಕ್ಲಾಂಪು ಸಡಿಲಿಸಿ ಪಟ್ಟಿಯನ್ನು ಎತ್ತಿ ಹಿಡಿದಳು. ನೇರವಾಗಿದ್ದ ಪಟ್ಟಿ ಬಿಲ್ಲಿನ ಹಾಗೆ ಬಾಗಿತ್ತು. ಏಟು ತಿಂದ ಮೈ ಉಬ್ಬಿ ಮೇಲಕ್ಕೆ ಬಂದಿತ್ತು.

"ಏಟು ಬಿದ್ದ ಕಡೆ ಚರ್ಮ ಅಗಲ ಆಗೋಕೆ ನೋಡುತ್ತೆ," ಎಂದಳು. "ಇದು ತೆಳು, ಅದಕ್ಕೇ ಬಾಗ್ತು. ದಪ್ಪ ಪಟ್ಟಿ ಬಾಗಲ್ಲ, ಕೆಳಗಿನ ಉಕ್ಕು ಬಿಡಲ್ಲ. ಆಗ ಆ ಚರ್ಮ ಸಂತೆ ದಿನದ ಬಸ್ಸಲ್ಲಿ ಜನ ಇದ್ದ ಹಾಗೆ, ಒಬ್ಬರಿಗೊಬ್ಬರು ಒತ್ಕೊಂಡು ನಿಂತಿರುತ್ತೆ. ಬಸ್ಸು ಎಷ್ಟೇ ಕುಲುಕಿದ್ರೂ ಯಾರೂ ಬೀಳಲ್ಲ. ಬಿರುಕು ಬಾಯಿ ತೆಗೆಯೋಕೆ ಜಾಗಾನೇ ಇರಲ್ಲ. ಆ ಚರ್ಮ ಕೂದಲೆಳೆಗಿಂತ ಸ್ವಲ್ಪ ದಪ್ಪ, ಅಷ್ಟೇ. ಗ್ರೈಂಡರ್ ಅದನ್ನ ಒಂದೇ ಸಲಕ್ಕೆ ಹೆರೆದು ಹಾಕುತ್ತೆ. ಮೇಲೆ ಹೊಸ ಗೀರು ಬೇರೆ. ಇದು ನಂಗೆ ಅವತ್ತೂ ಗೊತ್ತಿತ್ತು ನಾರ್ಬರ್ಟ್. ಇವತ್ತು ಗೊತ್ತಿರೋ ಅಷ್ಟೇ ಗೊತ್ತಿತ್ತು."

ಪಟ್ಟಿ ಕೈಯಿಂದ ಕೈಗೆ ಹೋಯಿತು. ಯಾರೂ ಅವಳ ಮುಖ ನೋಡಲಿಲ್ಲ. ಏನೂ ತಿಳಿಯದವಳೆಂದು ನಾವು ಕೊಟ್ಟ ಮಾಫಿಯನ್ನು ಅವಳು ಎಲ್ಲವನ್ನೂ ಅಷ್ಟು ಚೆನ್ನಾಗಿ ವಿವರಿಸಿ ಹಿಂದಕ್ಕೆ ಕೊಟ್ಟಿದ್ದಳು. ಅವಳ ಕಿವಿಗಳು ಕೆಂಪಗಾಗಿ, ಕತ್ತಿನ ಮೇಲೆಲ್ಲ ಕೆಂಪು ಹರಡಿತ್ತು.

ಬಾಸ್ಟಿಯಾನ್ ಗೋಡೆಗೆ ಒರಗಿ ನಿಂತಿದ್ದ. ಪಟ್ಟಿ ಅವನ ಕೈಗೆ ಬಂದಾಗ ಅದನ್ನು ಹಿಡಿದುಕೊಂಡೇ ಕೇಳಿದ.

"ನಾನು ಉಜ್ತಾ ಇದ್ದಾಗ್ಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಮಧ್ಯದಲ್ಲಿ ಇನ್ನೂ ಉಜ್ಜು ಅಂದ್ಯಲ್ಲ ಅಮ್ಮ. ನನ್ನ ಕೈಯಲ್ಲೇ ಮಾಡಿಸ್ದೆ."

ಅವನು ಪಟ್ಟಿಯನ್ನು ಮೇಜಿನ ಮೇಲಿಟ್ಟು, ಕೋಟು ತೆಗೆದುಕೊಂಡು ಹೊರಟುಹೋದ. ಮಾರ್ಲೀಸ್ ಕುರ್ಚಿಯಿಂದ ಎದ್ದು, ರೋಸ್ವಿಟಾಳನ್ನು ದಾಟಿ, ಬಾಗಿಲಲ್ಲಿ ನಿಂತಿದ್ದ ಎವಾಲ್ಡನ ಹತ್ತಿರ ಹೋದಳು. ನೀನು ಒಂದು ದಿನವಾದರೂ ಬಂದು ನನ್ನನ್ನು ನೋಡಬಹುದಿತ್ತು ಎಂದು ಅವನನ್ನೇ ಬೈದಳು. ನಾರ್ಬರ್ಟ್ ಜೇಬಿನಿಂದ ಕೀಲಿಕೈ ತೆಗೆದು ಅವನಿಗೆ ಚಾಚಿದ. ಎವಾಲ್ಡ್ ಅದನ್ನು ತೆಗೆದುಕೊಳ್ಳಲಿಲ್ಲ.

ಕೆಲವು ದಿನಗಳ ಮೇಲೆ ರೋಸ್ವಿಟಾ ಎವಾಲ್ಡನ ಮನೆಗೆ ಹೋದಳು. ಅವನು ಅಡುಗೆಮನೆಯಲ್ಲಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತ ಕೂತಿದ್ದ. ಕೂತ್ಕೋ ಎಂದ. ಅವಳು ಹೇಳಬೇಕೆಂದುಕೊಂಡು ಬಂದದ್ದನ್ನೆಲ್ಲ ಹೇಳಿದಳು. ಅವನು ಸಿಪ್ಪೆ ತೆಗೆಯುವುದನ್ನು ನಿಲ್ಲಿಸಲಿಲ್ಲ.

"ಆ ಪಕ್ಕದ ಊರಿನ ಬ್ರೆಡ್ಡು ತಿಂದು ತಿಂದು ನನ್ನ ಹಲ್ಲು ಅಲ್ಲಾಡ್ತಾ ಇದೆ," ಎಂದ. ಇನ್ನೊಂದು ಆಲೂಗಡ್ಡೆ ಕೈಗೆತ್ತಿಕೊಂಡು ಕೇಳಿದ, "ಅವತ್ತೇ ಯಾಕೆ ಎದ್ದು ಹೇಳ್ದೆ?"

"ನೀನು ಕೀ ಇಟ್ಟು ತಿರುಗಿದ್ದು ನೋಡೋಕಾಗ್ಲಿಲ್ಲ."

"ಅದಕ್ಕೆ ಮುಂಚೆ ಬಸ್ ಸ್ಟ್ಯಾಂಡಲ್ಲಿ ದಿನಾ ನೋಡ್ತಿದ್ದೆಯಲ್ಲ."

ಅವಳು ಮೇಜಿನ ಮೇಲಿನ ಸಿಪ್ಪೆಗಳನ್ನು ಒಂದೆಡೆ ಗುಡ್ಡೆ ಮಾಡಿದಳು. ಎವಾಲ್ಡ್, ನಾನು ಜೋರಾಗಿ ಬಂದದ್ದಂತೂ ನಿಜ, ಅದನ್ನು ನೀನು ನನ್ನಿಂದ ಕಿತ್ತುಕೊಳ್ಳಲಾರೆ ಎಂದ. ಮೆಲ್ಲಗೆ ಬಂದಿದ್ದರೆ ಮಾರ್ಲೀಸ್ ಬೆಂಚಿನ ಮೇಲೇ ಇರುತ್ತಿದ್ದಳೇನೋ ಎಂದೂ ಸೇರಿಸಿದ. ರೋಸ್ವಿಟಾ ಏಳುವಾಗ, "ನಾಳೆಯಿಂದ ನಮ್ಮ ಬೇಕರಿಗೇ ಹೋಗ್ತೀನಿ. ನಿನ್ನ ವಿಷಯ ಆಮೇಲೆ ನೋಡೋಣ," ಎಂದ. ಬಾಗಿಲವರೆಗೆ ಬಂದು ಕಳಿಸಲಿಲ್ಲ.

ಮಾರ್ಲೀಸಳ ಕೈ ಕೂಡಿಕೊಂಡಿತು, ಆದರೆ ಭುಜಕ್ಕಿಂತ ಮೇಲೆ ಏಳಲಿಲ್ಲ. ರೋಸ್ವಿಟಾ ಸಂತೆಯಿಂದ ಸಾಮಾನು ತಂದುಕೊಡುತ್ತೇನೆಂದು ಹೋದಾಗ ಬೇಡ ಎಂದಳು. ಇನ್ನೊಮ್ಮೆ ಹೋದಾಗಲೂ ಬೇಡ ಎಂದಳು. ಅಂಗಡಿಯಲ್ಲಿ ಎದುರಾದರೆ ನಮಸ್ಕಾರ ಹೇಳುತ್ತಿದ್ದಳು, ಅಷ್ಟೇ. ಬಾಸ್ಟಿಯಾನ್ ಆ ಚಳಿಗಾಲ ಪೂರ್ತಿ ತಾಯಿಯ ಮನೆಗೆ ಬರಲಿಲ್ಲ. ಕ್ರಿಸ್ಮಸ್ಸಿಗೆ ಅವನ ಹೆಂಡತಿ ಮಗುವನ್ನು ಕರೆದುಕೊಂಡು ಬಂದು, ಕೇಕು ತಿಂದು, ಕತ್ತಲಾಗುವ ಮೊದಲೇ ಹೊರಟಳು. ಅವನು ಹೇಗಿದ್ದಾನೆಂದು ರೋಸ್ವಿಟಾ ಕೇಳಲಿಲ್ಲ. ಊರಿನವರಾದ ನಾವು ಅವಳೊಡನೆ ಮೊದಲಿನಂತೆಯೇ ಮಾತಾಡಿದೆವು, ಬಹುಶಃ ಮೊದಲಿಗಿಂತ ಸ್ವಲ್ಪ ಹೆಚ್ಚೇ ನಯವಾಗಿ. ಅದು ಅವಳಿಗೆ ಬೈಗುಳಕ್ಕಿಂತ ಹೆಚ್ಚು ತಾಗುತ್ತಿತ್ತೆಂದು ನನಗೆ ಆಗ ಗೊತ್ತಿರಲಿಲ್ಲ.

ಮಂಜು ಕರಗಿದ ಮೇಲೆ ಕಾರ್ಖಾನೆಯಿಂದ ಎಮ್ಮಾಳಿಗೆ ಹೊಸ ಪಟ್ಟಿಗಳು ಬಂದವು. ಆವತ್ತು ಮಧ್ಯಾಹ್ನ ಬಾಸ್ಟಿಯಾನ್ ತಾಯಿಯ ಬಾಗಿಲು ತಟ್ಟಿದ. ಒಳಗೆ ಬರಲಿಲ್ಲ, ಮೆಟ್ಟಿಲ ಮೇಲೇ ನಿಂತ. ಜೋಡಿಸುವ ಮೊದಲು ನೀನು ಬಂದು ನೋಡಬೇಕು ಎಂದ. ಬೇಡಪ್ಪ, ನನ್ನಿಂದ ಆಗುವುದಿಲ್ಲ ಎಂದಳು.

"ಆಗ್ಬೇಕು. ಎಲ್ರ ಮುಂದೆ ನೋಡಿ, ಏನಿದೆಯೋ ಅದನ್ನೇ ಹೇಳ್ಬೇಕು," ಎಂದ.

ಅವಳು ಹೋದಳು. ಠಾಣೆಯಲ್ಲಿದ್ದವರು ದಾರಿ ಬಿಟ್ಟು ಸರಿದು ನಿಂತರು. ಪಟ್ಟಿಗಳು ಬೂದಿ ಬಣ್ಣದಲ್ಲಿ, ತಗ್ಗುತಗ್ಗಾದ ಮೈಯಲ್ಲಿ, ಮೇಜಿನ ಮೇಲೆ ಸಾಲಾಗಿದ್ದವು. ಅವಳು ಒಂದೊಂದರ ಮೇಲೂ ಬೆರಳ ತುದಿ ಆಡಿಸಿದಳು, ಬೆಳಕಿಗೆ ಹಿಡಿದು ನೋಡಿದಳು, ಅಂಚುಗಳನ್ನು ಸವರಿದಳು. ಸರಿಯಾಗಿವೆ, ಏನೂ ಮಾಡಬೇಡಿ, ಹೀಗೆಯೇ ಹಾಕಿ, ಮೇಲೆ ಬಣ್ಣ ಬಳಿಯುವುದಾದರೆ ಬಳಿಯಿರಿ ಎಂದಳು.

ಯಾರೂ ಸ್ಪ್ಯಾನರ್ ಎತ್ತಲಿಲ್ಲ. ನಾರ್ಬರ್ಟ್, ಬೇಸರ ಮಾಡಿಕೊಳ್ಳಬೇಡ ಎಂದು ಫೋನು ತೆಗೆದ. ಅವಳ ಎದುರಿನಲ್ಲೇ ಕಾರ್ಖಾನೆಗೆ ಕರೆ ಮಾಡಿ, ಕೆಂಪರನ ಜಾಗಕ್ಕೆ ಬಂದಿದ್ದ ಹೊಸ ಮೇಸ್ತ್ರಿಯನ್ನು ಹುಡುಕಿಸಿ, ಅವಳು ಹೇಳಿದ್ದನ್ನೇ ಒಂದೊಂದಾಗಿ ಕೇಳಿದ. ಏನೂ ಉಜ್ಜದೆ ಹೀಗೆಯೇ ಹಾಕಬಹುದೇ? ಬಣ್ಣ ಬಳಿಯಬಹುದೇ? ರೋಸ್ವಿಟಾ ಎರಡೂ ಕೈಗಳನ್ನು ಏಪ್ರನ್ನಿನಲ್ಲಿ ಸುತ್ತಿಕೊಂಡು, ಅವನ ಮಾತು ಮುಗಿಯುವವರೆಗೆ ಅಲ್ಲಿಯೇ ನಿಂತಿದ್ದಳು. ಹೊರಗೆ ಹೋಗಬಹುದಿತ್ತು, ಹೋಗಲಿಲ್ಲ.

"ಸರಿಯಂತೆ," ಎಂದ ನಾರ್ಬರ್ಟ್ ಫೋನು ಇಡುತ್ತ.

ಆಮೇಲೆ ಕೆಲಸ ಶುರುವಾಯಿತು. ಅವಳು ಬಾಗಿಲಿನ ಕಡೆ ನಡೆದಳು. ಬಾಸ್ಟಿಯಾನ್ ಗಾಡಿಯ ಕೆಳಗೆ ಮಲಗಿ ಬೋಲ್ಟು ಬಿಗಿಯುತ್ತಿದ್ದ. ಅವನ ಕಾಲುಗಳು ಮಾತ್ರ ಕಾಣುತ್ತಿದ್ದವು. ಅವಳು ಪಕ್ಕದಲ್ಲಿ ಹಾದುಹೋಗುವಾಗ ಅಲ್ಲಿಂದಲೇ, ಭಾನುವಾರ ಊಟಕ್ಕೆ ಬರುತ್ತೇವೆ, ಜಾಸ್ತಿ ಏನೂ ಮಾಡಬೇಡ ಎಂದ.